ಕಾಯಿಲೆ ಒಬ್ಬರದು, ಚಿಕಿತ್ಸೆ ಮನೆಮಂದಿಯದು





ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ವಿವರ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ, ಕುಟುಂಬಗಳಿಗೆ ಉಪಯೋಗವಾಗುವ ಒಂದು ತಿಳಿವಳಿಕೆಯ ಲೇಖನ ಕೊಡುವುದು ನಮ್ಮ ರೂಢಿ. ಈ ಸಲದ ವಿಷಯ ನಮಗೆ ಸಿಕ್ಕಿದ್ದು ಮನೆಭೇಟಿಗಳಲ್ಲಿ. ಚೆನ್ನಾಗಿ ಓದುತ್ತಿದ್ದ ಮಗುವಿನ ನವೀಕರಣ ಅರ್ಜಿ ಬಾರದೆ ಹೋದಾಗ, ಅಥವಾ ಒಂದೇ ವರ್ಷದಲ್ಲಿ ಅಂಕ ಕುಸಿದಾಗ, ನಮ್ಮ ಸ್ವಯಂಸೇವಕರು ಆ ಮನೆಗೆ ಹೋಗಿ ವಿಚಾರಿಸುತ್ತಾರೆ. ಶುಲ್ಕ ಕಟ್ಟಲು ಹಣವಿಲ್ಲದಿರುವುದು, ಅಂಗಡಿ ಮುಚ್ಚಿರುವುದು, ತಂದೆ ತೀರಿಕೊಂಡಿರುವುದು ನಾವು ನಿರೀಕ್ಷಿಸುವ ಕಾರಣಗಳು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಇನ್ನೊಂದು ಕಾರಣ ಮತ್ತೆ ಮತ್ತೆ ಕಂಡಿತು. ಮನೆಯಲ್ಲಿ ತಾಯಿಯೋ ತಂದೆಯೋ ತಿಂಗಳುಗಟ್ಟಲೆ ಮಂಕಾಗಿದ್ದಾರೆ. ಅದಕ್ಕೆ ಯಾರೂ ಕಾಯಿಲೆ ಎಂಬ ಹೆಸರು ಕೊಟ್ಟಿಲ್ಲ. ಮಗು ಆ ಮನೆಯ ಭಾರ ಹೊತ್ತಿದೆ.

ಇಂಥ ಕಾಯಿಲೆಗೆ ಔಷಧ ಇದೆ ಎಂಬುದು ಈಗ ಹಲವರಿಗೆ ಗೊತ್ತು. ಗಂಡ-ಹೆಂಡತಿಯನ್ನು ಅಥವಾ ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ ನಡೆಸುವ ಚಿಕಿತ್ಸೆಯೂ ಇದೆ, ಅದು ನಮ್ಮ ಪಕ್ಕದ ಬೆಂಗಳೂರಿನಲ್ಲೇ ದಶಕಗಳಿಂದ ನಡೆಯುತ್ತಿದೆ ಎಂಬುದು ಕೆಲವರಿಗಷ್ಟೇ ಗೊತ್ತು. ಈ ಲೇಖನ ಅದರ ಬಗ್ಗೆ.

ಒಂದು ಮನೆಯ ಚಿತ್ರ

ಮುಂದೆ ಹೇಳುವುದು ಯಾವುದೋ ಒಂದು ಕುಟುಂಬದ ಕಥೆಯಲ್ಲ. ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ, ಗುರುತು ಸಿಗದಂತೆ ಬರೆದದ್ದು.

ರಾಮನಗರದ ಒಂದು ಮನೆ. ತಂದೆ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತಾರೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿಯುವುದು ಅವರ ಕೆಲಸ. ಕೂಲಿ ಲೆಕ್ಕ, ಸಾಲದ ಲೆಕ್ಕ ಬರೆದಿಡುತ್ತಿದ್ದವರು ಅವರ ಹೆಂಡತಿ. ಕಳೆದ ವರ್ಷದಿಂದ ಆಕೆ ಪುಸ್ತಕ ಮುಟ್ಟಿಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗುತ್ತದೆ, ಆದರೆ ಹಾಸಿಗೆಯಿಂದ ಏಳಲು ಹತ್ತು ಗಂಟೆ. ಊಟ ಸೇರುವುದಿಲ್ಲ. ತಲೆಭಾರ, ಎದೆಯುರಿ ಎಂದು ಮೂರು ಕಡೆ ತೋರಿಸಿದ್ದಾಯಿತು, ಸ್ಕ್ಯಾನ್ ಮಾಡಿಸಿದ್ದಾಯಿತು. ಎಲ್ಲ ಸರಿಯಿದೆ ಎಂದರು. ದರ್ಗಾಕ್ಕೂ ಹೋಗಿಬಂದರು. ಕೊನೆಗೆ ಒಬ್ಬ ವೈದ್ಯರು ಮನಸ್ಸಿನ ಕಾಯಿಲೆಯ ಮಾತ್ರೆ ಬರೆದುಕೊಟ್ಟರು. ಹತ್ತು ದಿನ ತೆಗೆದುಕೊಂಡು, ಏನೂ ಗುಣ ಕಾಣಲಿಲ್ಲವೆಂದು ನಿಲ್ಲಿಸಿದರು.

ಅತ್ತೆಯವರ ಮಾತು: "ನಾವೂ ಐದು ಮಕ್ಕಳನ್ನು ಹೆತ್ತು ಸಾಕಿದ್ದೇವಮ್ಮ. ಹೀಗೆ ಮಲಗಿಕೊಂಡಿರಲಿಲ್ಲ." ಗಂಡ ಮೊದಲ ಎರಡು ತಿಂಗಳು ಸಮಾಧಾನ ಹೇಳಿದರು. ಆಮೇಲೆ ರೇಗಿದರು. ಆಮೇಲೆ ಮಾತೇ ಬಿಟ್ಟು, ರಾತ್ರಿ ತಡವಾಗಿ ಮನೆಗೆ ಬರತೊಡಗಿದರು. ದ್ವಿತೀಯ ಪಿಯುಸಿ ಓದುವ ಮಗಳು ಅಡುಗೆ, ತಮ್ಮನ ಶಾಲೆ, ಅಜ್ಜಿಯ ಔಷಧ ಎಲ್ಲ ನೋಡಿಕೊಂಡು, ಕಾಲೇಜಿಗೆ ವಾರದಲ್ಲಿ ಮೂರು ದಿನ ಹೋದರೆ ಹೆಚ್ಚು.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ದಣಿದಿದ್ದಾರೆ. ಆದರೆ ಒಂದು ವಿಷಯ ಗಮನಿಸಿ. ಇಷ್ಟೆಲ್ಲ ಓಡಾಡಿದರೂ ಗಂಡನನ್ನು ಕೂರಿಸಿಕೊಂಡು "ನಿಮ್ಮ ಹೆಂಡತಿಗೆ ಬಂದಿರುವುದು ಇಂಥ ಕಾಯಿಲೆ, ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನೀವು ಹೀಗೆ ನಡೆದುಕೊಳ್ಳಿ" ಎಂದು ಯಾರೂ ಹೇಳಿರಲಿಲ್ಲ. ಅತ್ತೆಯನ್ನು, ಮಗಳನ್ನು ಯಾರೂ ಕೇಳಿರಲಿಲ್ಲ. ಕುಟುಂಬ ಚಿಕಿತ್ಸೆ ತುಂಬುವುದು ಈ ಕೊರತೆಯನ್ನು.

ದುಃಖ ಬೇರೆ, ಕಾಯಿಲೆ ಬೇರೆ

ಕಷ್ಟ ಬಂದಾಗ ದುಃಖವಾಗುವುದು ಸಹಜ. ಖಿನ್ನತೆ ಎಂಬ ಕಾಯಿಲೆಯಲ್ಲಿ ಮನಸ್ಸಿನ ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಆಯಾಸ, ನಿದ್ದೆ-ಹಸಿವಿನ ಏರುಪೇರು, "ನಾನು ಪ್ರಯೋಜನಕ್ಕಿಲ್ಲದವಳು" ಎಂಬ ಭಾವನೆ ದಿನದ ಬಹುಪಾಲು, ಕನಿಷ್ಠ ಎರಡು ವಾರ ಬಿಡದೆ ಇರುತ್ತವೆ. ದಿನದ ಕೆಲಸ ಕೆಡುತ್ತದೆ. ಕೆಲವರಿಗೆ ಸಾವಿನ ಯೋಚನೆಯೂ ಬರುತ್ತದೆ. ನಮ್ಮ ಕಡೆ ಹಲವರು ದುಃಖ ಎಂದು ಹೇಳಿಕೊಳ್ಳುವುದಿಲ್ಲ. ಮೈಕೈ ನೋವು, ತಲೆಭಾರ, ಎದೆ ಒತ್ತಿದಂತೆ ಎನ್ನುತ್ತಾರೆ. ಗಂಡಸರಲ್ಲಿ ಅದು ಸಿಡುಕಾಗಿ, ಕುಡಿತವಾಗಿ, ಕೆಲಸ ತಪ್ಪಿಸುವುದಾಗಿ ಹೊರಬೀಳುವುದುಂಟು.

ಬೈಪೋಲಾರ್ ಕಾಯಿಲೆಯಲ್ಲಿ ಇದೇ ಖಿನ್ನತೆಯ ಜೊತೆ ಇನ್ನೊಂದು ತುದಿಯೂ ಇದೆ. ಕೆಲವು ದಿನ ಅಥವಾ ವಾರ ನಿದ್ದೆಯೇ ಬೇಡವೆನಿಸುತ್ತದೆ, ಮಾತು ಹೆಚ್ಚುತ್ತದೆ, ದೊಡ್ಡ ದೊಡ್ಡ ಯೋಜನೆ ಹುಟ್ಟುತ್ತವೆ, ಕೈಗೆ ಸಿಕ್ಕ ಹಣ ಖರ್ಚಾಗುತ್ತದೆ, ತಡೆದರೆ ಸಿಟ್ಟು ಬರುತ್ತದೆ. ಇದಕ್ಕೆ ಉನ್ಮಾದ ಎನ್ನುತ್ತಾರೆ. ಮನೆಯವರು ಇದನ್ನು ಮೊದಲು "ಈಗ ಚುರುಕಾಗಿದ್ದಾನೆ" ಎಂದು ಸಂತೋಷಪಡುವುದೂ ಉಂಟು, ಸಾಲಗಾರರು ಬಾಗಿಲಿಗೆ ಬಂದಾಗಲೇ ಎಚ್ಚರವಾಗುವುದು.

ಈ ಎರಡೂ ಕಾಯಿಲೆಗಳನ್ನು ಒಟ್ಟಾಗಿ ಮನೋಭಾವದ ಕಾಯಿಲೆಗಳು ಎನ್ನಬಹುದು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದು ಕಂಡುಬಂತು. ಖಿನ್ನತೆ ಇದ್ದವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ಅಂದರೆ ನಮ್ಮ ಮೊಹಲ್ಲಾದ ಒಂದು ಬೀದಿಯಲ್ಲಿ ಇಂಥ ಕೆಲವು ಮನೆಗಳು ಇದ್ದೇ ಇರುತ್ತವೆ.

ಇದು ಈಮಾನಿನ ಕೊರತೆಯೇ ಎಂದು ಕೆಲವರು ಕೇಳುತ್ತಾರೆ. ಸಾವಿರ ವರ್ಷಗಳಿಗೂ ಹಿಂದೆ, ಕ್ರಿಸ್ತಶಕ 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖೀ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಬರೆದರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ ಎಂದರು. ಕಾರಣ ಗೊತ್ತಿರುವ ದುಃಖ ಒಂದು, ಕಾರಣವೇ ಕಾಣದ ದುಃಖ ಇನ್ನೊಂದು, ಎರಡನೆಯದರ ಮೂಲ ದೇಹದಲ್ಲಿದೆ ಎಂದು ವಿಂಗಡಿಸಿದರು. ಈ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ನಮಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ.

ಮನೆಯವರನ್ನು ಏಕೆ ಕರೆಯುತ್ತಾರೆ?

"ಕಾಯಿಲೆ ಅವಳಿಗೆ, ನಾನೇಕೆ ಬರಬೇಕು?" ಗಂಡಂದಿರು ಕೇಳುವ ಮೊದಲ ಪ್ರಶ್ನೆ ಇದು. ಅದರ ಹಿಂದೆ ಒಂದು ಭಯವೂ ಇರುತ್ತದೆ: ಕಾಯಿಲೆಗೆ ನಾನೇ ಕಾರಣ ಎಂದು ಬಿಡುತ್ತಾರೇನೋ.

ಮನೆಯವರೇ ಕಾರಣ ಎಂದು ಈ ಚಿಕಿತ್ಸೆ ಹೇಳುವುದಿಲ್ಲ. ಖಿನ್ನತೆ, ಬೈಪೋಲಾರ್ ಕಾಯಿಲೆಗಳಲ್ಲಿ ವಂಶದಿಂದ ಬಂದ ಒಲವು, ಮಿದುಳಿನ ಕೆಲಸದಲ್ಲಿನ ಬದಲಾವಣೆ, ಜೀವನದ ಪೆಟ್ಟುಗಳು ಎಲ್ಲ ಸೇರಿರುತ್ತವೆ. ಆದರೆ ಕಾಯಿಲೆ ಬಂದ ಮೇಲೆ ಅದು ಮನೆಯ ನಡವಳಿಕೆಯನ್ನು ಬದಲಿಸುತ್ತದೆ, ಬದಲಾದ ನಡವಳಿಕೆ ಕಾಯಿಲೆಯನ್ನು ಹೆಚ್ಚಿಸುತ್ತದೆ. ಹೆಂಡತಿ ಮಾತನಾಡುವುದಿಲ್ಲ. ಗಂಡ ಅದನ್ನು ಉದಾಸೀನ ಎಂದುಕೊಂಡು ದೂರ ಸರಿಯುತ್ತಾನೆ. ಅವನು ದೂರವಾದದ್ದನ್ನು ಕಂಡು ಆಕೆ "ನಾನು ಯಾರಿಗೂ ಬೇಡ" ಎಂಬುದಕ್ಕೆ ಸಾಕ್ಷಿ ಸಿಕ್ಕಿತು ಅಂದುಕೊಳ್ಳುತ್ತಾಳೆ. ಗಾಣದೆತ್ತಿನಂತೆ ಇಬ್ಬರೂ ಅಲ್ಲೇ ಸುತ್ತುತ್ತಾರೆ.

ಇದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು 1950ರ ದಶಕದಿಂದ, ಆಸ್ಪತ್ರೆಯಿಂದ ಗುಣವಾಗಿ ಹೋದವರಲ್ಲಿ ಕೆಲವರಿಗೆ ಮಾತ್ರ ಕಾಯಿಲೆ ಏಕೆ ಬೇಗ ಮರುಕಳಿಸುತ್ತದೆ ಎಂದು ಹುಡುಕಿದರು. ಮನೆಯಲ್ಲಿ ಸದಾ ಟೀಕೆ, ದ್ವೇಷ, ಅಥವಾ ಉಸಿರುಕಟ್ಟುವಷ್ಟು ಅತಿ ಕಾಳಜಿ ಇದ್ದಲ್ಲಿ ಮರುಕಳಿಕೆ ಹೆಚ್ಚು ಎಂದು ಕಂಡಿತು. ಮೊದಲು ಇದು ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕಂಡದ್ದು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯವರಲ್ಲೂ ಅದೇ ಕಂಡಿತು. ಅಷ್ಟೇ ಅಲ್ಲ, ಖಿನ್ನತೆ ಇರುವವರಿಗೆ ಕೆಲವೇ ಚುಚ್ಚುಮಾತು ಸಾಕು, ಅವರ ಸಹನೆಯ ಮಿತಿ ಇನ್ನೂ ಕಡಿಮೆ ಎಂದು ತಿಳಿಯಿತು. ಸಮಾಧಾನದ ಸಂಗತಿ ಏನೆಂದರೆ, ಚುಚ್ಚುಮಾತು ಕಡಿಮೆ ಮಾಡುವುದನ್ನು ಯಾವ ವಯಸ್ಸಿನವರಾದರೂ ಕಲಿಯಬಹುದು.

ಚಿಕಿತ್ಸೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಹೆಸರು ಕೇಳಿದರೆ ಪಂಚಾಯಿತಿ ಕೂರಿಸಿದಂತೆ ಅನಿಸಬಹುದು. ಪಂಚಾಯಿತಿಯಲ್ಲಿ ತಪ್ಪು ಯಾರದು ಎಂದು ತೀರ್ಮಾನವಾಗುತ್ತದೆ. ಇಲ್ಲಿ ತೀರ್ಪು ಇರುವುದಿಲ್ಲ. ತರಬೇತಿ ಪಡೆದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮೊದಲು ಒಬ್ಬೊಬ್ಬರನ್ನೂ, ಆಮೇಲೆ ಒಟ್ಟಿಗೂ ಮಾತನಾಡಿಸುತ್ತಾರೆ. ಒಂದು ಸಲದ ಭೇಟಿ ಸುಮಾರು ಒಂದು ಗಂಟೆ. ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಡೆಯುತ್ತದೆ. ಕೆಲಸ ಸಾಮಾನ್ಯವಾಗಿ ಮೂರು ಭಾಗದಲ್ಲಿ ಸಾಗುತ್ತದೆ.

ಮೊದಲನೆಯದು ಕಾಯಿಲೆಯ ತಿಳಿವಳಿಕೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಹತ್ತು ದಿನಕ್ಕೆ ನಿಲ್ಲಿಸಿದ ನಮ್ಮ ರಾಮನಗರದ ಮನೆಗೆ ಇದೊಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು. ಬೈಪೋಲಾರ್ ಇದ್ದಲ್ಲಿ ಮನೆಯವರೆಲ್ಲ ಕೂತು ಮುನ್ಸೂಚನೆಗಳ ಪಟ್ಟಿ ಮಾಡುತ್ತಾರೆ: ಎರಡು ರಾತ್ರಿ ನಿದ್ದೆ ಕಡಿಮೆಯಾದರೆ, ಫೋನಿನಲ್ಲಿ ಮಾತು ಹೆಚ್ಚಾದರೆ, ಇದ್ದಕ್ಕಿದ್ದಂತೆ ವ್ಯಾಪಾರ ವಿಸ್ತರಿಸುವ ಮಾತು ಬಂದರೆ ಯಾರು ವೈದ್ಯರಿಗೆ ತಿಳಿಸಬೇಕು, ಹಣದ ಕೀಲಿ ಆಗ ಯಾರ ಕೈಯಲ್ಲಿರಬೇಕು. ರೋಗಿ ಚೆನ್ನಾಗಿರುವಾಗಲೇ, ಅವರ ಒಪ್ಪಿಗೆಯಿಂದಲೇ ಇದನ್ನು ಬರೆದಿಡುವುದರಿಂದ ಆಮೇಲೆ ಜಗಳ ಕಡಿಮೆ.

ಎರಡನೆಯದು ಮಾತಿನ ಅಭ್ಯಾಸ. ಅಭ್ಯಾಸ ಎಂದರೆ ನಿಜವಾಗಿ ಅಲ್ಲೇ ಕೂತು ಮಾಡಿಸುತ್ತಾರೆ. "ನೀನು ಯಾವಾಗಲೂ ಹೀಗೇ" ಎನ್ನುವ ಬದಲು "ನಿನ್ನೆ ರಾತ್ರಿ ನೀನು ಊಟ ಬಿಟ್ಟೆ, ನನಗೆ ಗಾಬರಿಯಾಯಿತು" ಎಂದು ಹೇಳುವುದು. ಇನ್ನೊಬ್ಬರು ಹೇಳಿ ಮುಗಿಸುವವರೆಗೆ ಕೇಳಿ, ಕೇಳಿದ್ದನ್ನು ತಿರುಗಿ ಹೇಳುವುದು. ಚಿಕ್ಕದೊಂದು ಒಳ್ಳೆಯ ಕೆಲಸ ಕಂಡರೂ ಬಾಯಿಬಿಟ್ಟು ಮೆಚ್ಚುವುದು. ಕೇಳಲು ಸುಲಭ. ಹದಿನೈದು ವರ್ಷ ಸಂಸಾರ ಮಾಡಿದವರಿಗೂ ಮೊದಲ ಸಲ ನಾಲಿಗೆ ತಡವರಿಸುತ್ತದೆ.

ಮೂರನೆಯದು ಸಮಸ್ಯೆ ಬಿಡಿಸುವುದು. ನಮ್ಮ ಮನೆಯಲ್ಲಿ ಸಮಸ್ಯೆ ಏನು? ಬೆಳಗಿನ ಕೆಲಸ. ಅದನ್ನು ತುಂಡು ಮಾಡಿ ಹಂಚುತ್ತಾರೆ. ಗೂಡಿನ ಮಾರುಕಟ್ಟೆಯಿಂದ ಬರುವಾಗ ಹಾಲು, ತರಕಾರಿ ತರುವುದು ತಂದೆಯದು. ಚಿಕ್ಕ ಮಗನನ್ನು ಶಾಲೆಗೆ ಸಿದ್ಧಮಾಡುವುದು ಅಜ್ಜಿಯದು. ತಾಯಿಗೆ ಮೊದಲ ವಾರ ಒಂದೇ ಕೆಲಸ: ಎದ್ದು ಮುಖ ತೊಳೆದು, ಗಂಡನ ಜೊತೆ ಕೂತು ಚಹಾ ಕುಡಿಯುವುದು. ಎರಡನೇ ವಾರ ಕೂಲಿ ಪುಸ್ತಕದ ಒಂದು ಪುಟ. ಮಗಳು ಕಾಲೇಜಿಗೆ ಹೋಗುವುದು ಯಾವ ಕಾರಣಕ್ಕೂ ತಪ್ಪಬಾರದು ಎಂದು ಎಲ್ಲರೂ ಒಪ್ಪುವುದೇ ಆ ಪಟ್ಟಿಯ ದೊಡ್ಡ ಸಾಲು.

ದಂಪತಿ ಚಿಕಿತ್ಸೆಯಲ್ಲಿ ಇದೇ ಕೆಲಸ ಇಬ್ಬರ ನಡುವೆ ನಡೆಯುತ್ತದೆ. ಹಣ, ಅತ್ತೆಮನೆ-ತವರುಮನೆ, ಮಕ್ಕಳು, ದಾಂಪತ್ಯದ ಆತ್ಮೀಯತೆ, ಮನೆಯಲ್ಲಿ ಬೇರೆಯವರ ಮುಂದೆ ಹೇಳಲಾಗದ ಮಾತುಗಳಿಗೆ ಅಲ್ಲಿ ಜಾಗವಿದೆ.

ಇದರಿಂದ ಪ್ರಯೋಜನ ಎಷ್ಟು?

ದಾನಿಗಳು ಈ ಪ್ರಶ್ನೆ ಕೇಳಲೇಬೇಕು. ಗೊತ್ತಿರುವುದನ್ನು ಹೆಚ್ಚೂ ಮಾಡದೆ, ಕಡಿಮೆಯೂ ಮಾಡದೆ ಹೇಳುತ್ತೇವೆ.

ಬೈಪೋಲಾರ್ ಕಾಯಿಲೆಗೆ ಅಮೆರಿಕದ ಡೇವಿಡ್ ಮಿಕ್ಲೋವಿಟ್ಜ್ ಮತ್ತು ಸಂಗಡಿಗರು ರೂಪಿಸಿದ ಕುಟುಂಬ ಚಿಕಿತ್ಸೆಯಲ್ಲಿ ಮೇಲೆ ಹೇಳಿದ ಮೂರೂ ಭಾಗಗಳಿವೆ. ಸುಮಾರು ಒಂಬತ್ತು ತಿಂಗಳಲ್ಲಿ 21 ಭೇಟಿಗಳು. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬೈಪೋಲಾರ್ ಖಿನ್ನತೆಯ 293 ಜನರಿಗೆ ಔಷಧದ ಜೊತೆ ಮಾತಿನ ಚಿಕಿತ್ಸೆಯನ್ನೂ ಕೊಡಲಾಯಿತು. ಕುಟುಂಬ ಚಿಕಿತ್ಸೆ ಸೇರಿದಂತೆ ಮೂರು ಬಗೆಯ ದೀರ್ಘ ಚಿಕಿತ್ಸೆಗಳಲ್ಲಿ ಒಂದನ್ನು ಪಡೆದವರಲ್ಲಿ ವರ್ಷದೊಳಗೆ ಚೇತರಿಸಿಕೊಂಡವರು ಶೇ. 64. ಮೂರೇ ಭೇಟಿಗಳ ಸಣ್ಣ ತಿಳಿವಳಿಕೆ ಪಡೆದವರಲ್ಲಿ ಶೇ. 52. ಇಬ್ಬರಿಗೂ ಔಷಧ ಇತ್ತು ಎಂಬುದನ್ನು ಮರೆಯಬಾರದು. ಬೈಪೋಲಾರ್‌ನಲ್ಲಿ ಕುಟುಂಬ ಚಿಕಿತ್ಸೆ ಔಷಧದ ಜೊತೆಗೆ ನಡೆಯಬೇಕು, ಔಷಧದ ಬದಲಿಗೆ ಅಲ್ಲ.

ಖಿನ್ನತೆಯಲ್ಲಿ ದಂಪತಿ ಚಿಕಿತ್ಸೆಯ ಬಗ್ಗೆ 1990ರಲ್ಲಿ ಅಮೆರಿಕದ ಓಲಿಯರಿ ಮತ್ತು ಬೀಚ್ ಒಂದು ಅಧ್ಯಯನ ಪ್ರಕಟಿಸಿದರು. ದಾಂಪತ್ಯದಲ್ಲಿ ಬಿರುಕು ಮತ್ತು ಖಿನ್ನತೆ ಎರಡೂ ಇದ್ದ ಹೆಣ್ಣುಮಕ್ಕಳಲ್ಲಿ ಒಂಟಿಯಾಗಿ ಪಡೆದ ಚಿಕಿತ್ಸೆಯೂ, ಗಂಡನ ಜೊತೆ ಪಡೆದ ಚಿಕಿತ್ಸೆಯೂ ಖಿನ್ನತೆಯನ್ನು ಇಳಿಸಿದವು. ಆದರೆ ದಾಂಪತ್ಯ ಸುಧಾರಿಸಿದ್ದು ಜೊತೆಯಾಗಿ ಪಡೆದವರಲ್ಲಿ. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಪರಿಶೀಲನೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು: ಖಿನ್ನತೆ ಇಳಿಸುವಲ್ಲಿ ದಂಪತಿ ಚಿಕಿತ್ಸೆ ಮತ್ತು ಒಂಟಿ ಚಿಕಿತ್ಸೆಯ ನಡುವೆ ಸ್ಪಷ್ಟ ವ್ಯತ್ಯಾಸವಿಲ್ಲ, ಸಂಬಂಧದ ನೋವು ಇಳಿಸುವಲ್ಲಿ ದಂಪತಿ ಚಿಕಿತ್ಸೆ ಮೇಲು. ಅಧ್ಯಯನಗಳು ಚಿಕ್ಕವು, ಆದ್ದರಿಂದ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಸೇರಿಸಿತು. ನಮ್ಮ ಟ್ರಸ್ಟಿಗೆ ಇದು ಸಾಕಷ್ಟು ಕಾರಣ. ತಾಯಿಯ ಕಾಯಿಲೆಯ ಜೊತೆ ಮನೆಯ ಜಗಳವೂ ತಗ್ಗಿದರೆ ಓದುವ ಮಗುವಿಗೆ ಎರಡು ಲಾಭ.

ನಮ್ಮ ನೆಲದಲ್ಲೇ ಬೆಳೆದದ್ದು

ಕುಟುಂಬವನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದರಲ್ಲಿ ನಮ್ಮ ದೇಶ ಹಿಂದೆ ಬಿದ್ದಿರಲಿಲ್ಲ. 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಅವರು ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. ಆಸ್ಪತ್ರೆಯಲ್ಲಿ ಬಿಟ್ಟುಹೋದವರನ್ನು ಮರೆತೇಬಿಡುತ್ತಿದ್ದ ಆ ಕಾಲದಲ್ಲಿ, ಮನೆಯವರೇ ಆರೈಕೆ ಕಲಿತು, ಗುಣವಾದವರನ್ನು ಕರೆದುಕೊಂಡು ಹೋದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಅದೇ ದಶಕದಲ್ಲಿ ರೋಗಿಯ ಜೊತೆ ಸಂಬಂಧಿಕರೊಬ್ಬರು ಇರುವ ಪದ್ಧತಿ ತಂದಿತು.

ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದೇ 70ರ ದಶಕದಲ್ಲಿ ಅಲ್ಲಿ ಕುಟುಂಬ ಮನೋವೈದ್ಯ ವಿಭಾಗ ಶುರುವಾಯಿತು. ಡಾ. ಎಸ್. ಎಂ. ಚನ್ನಬಸವಣ್ಣ ಮತ್ತು ಡಾ. ಆರ್. ಎಸ್. ಭಟ್ಟಿ ಅವರಂಥವರು ಭಾರತೀಯ ಕುಟುಂಬಕ್ಕೆ ಹೊಂದುವ ರೀತಿಯಲ್ಲಿ ಈ ಚಿಕಿತ್ಸೆಯನ್ನು ಬೆಳೆಸಿದರು. ನಮ್ಮಲ್ಲಿ ಸಂಸಾರ ಎಂದರೆ ಗಂಡ-ಹೆಂಡತಿ ಇಬ್ಬರೇ ಅಲ್ಲ. ಅತ್ತೆ, ಮಾವ, ಮೈದುನ, ತವರಿನ ಅಣ್ಣ ಎಲ್ಲರ ಮಾತೂ ನಡೆಯುತ್ತದೆ. ಆದ್ದರಿಂದ ಯಾರ ಮಾತಿಗೆ ಮನೆಯಲ್ಲಿ ತೂಕವಿದೆಯೋ ಅವರನ್ನೂ ಗೌರವದಿಂದ ಕರೆದು ಮಾತನಾಡಿಸುವ ಪದ್ಧತಿ ಬೆಳೆಯಿತು. ಚಿಕಿತ್ಸಕರಿಗೆ ಅತ್ತೆ ಸಹಾಯಕಿಯಾಗಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಮನೆಗಳಲ್ಲಿ ಕೇಳಿದ ಪ್ರಶ್ನೆಗಳು

ಹೊರಗೆ ಗೊತ್ತಾದರೆ ಮಗಳ ಮದುವೆಗೆ ತೊಂದರೆಯಾಗುವುದಿಲ್ಲವೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಚಿಕಿತ್ಸೆಯಿಲ್ಲದೆ ಬೆಳೆದ ಕಾಯಿಲೆ ಬೀದಿಗೆ ಗೊತ್ತಾಗುತ್ತದೆ, ಚಿಕಿತ್ಸೆಯಲ್ಲಿರುವ ಕಾಯಿಲೆ ಎಷ್ಟೋ ಸಲ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ.

ಮದುವೆ ಮಾಡಿದರೆ ಸರಿಹೋಗುತ್ತದೆಯೇ? ಮದುವೆ ಈ ಕಾಯಿಲೆಗೆ ಮದ್ದಲ್ಲ. ಹೊಸ ಮನೆ, ಹೊಸ ಜವಾಬ್ದಾರಿ, ನಿದ್ದೆಗೇಡು ಸೇರಿ ಕಾಯಿಲೆ ಹೆಚ್ಚಬಹುದು. ಮುಚ್ಚಿಟ್ಟು ಮದುವೆ ಮಾಡಿದರೆ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಚಿಕಿತ್ಸೆ ಪಡೆದು ಸ್ಥಿರವಾದವರು, ಎರಡೂ ಕಡೆಯವರಿಗೆ ತಿಳಿದು, ಚೆನ್ನಾಗಿ ಸಂಸಾರ ಮಾಡಬಹುದು.

ದುಆ, ರುಕ್ಯಾ, ದರ್ಗಾ ಬಿಡಬೇಕೇ? ಬಿಡಿ ಎಂದು ವೈದ್ಯರು ಹೇಳುವುದಿಲ್ಲ. ನಮಾಜು, ದುಆಗಳಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಮಾತ್ರೆ ನಿಲ್ಲಿಸಿ ಎನ್ನುವವರ, ಕಟ್ಟಿಹಾಕುವವರ, ಹೊಡೆಯುವವರ ಬಳಿ ಹೋಗಬೇಡಿ.

ರಂಜಾನಿನಲ್ಲಿ ಏನು ಮಾಡಬೇಕು? ಇದನ್ನು ತಿಂಗಳ ಮೊದಲೇ ವೈದ್ಯರಲ್ಲಿ ಕೇಳಿ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ದೇಹದ ನೀರು ಕಡಿಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಸಹರಿ, ತರಾವೀಹ್‌ಗಳಿಂದ ನಿದ್ದೆ ಕೆಟ್ಟರೆ ಉನ್ಮಾದ ಮರುಕಳಿಸಬಹುದು. ಕೆಲವರಿಗೆ ಮಾತ್ರೆಯ ಹೊತ್ತು ಬದಲಿಸಿದರೆ ಸಾಕು, ಕೆಲವರು ಉಪವಾಸ ಮಾಡಲೇಬಾರದು. ಕಾಯಿಲೆಯವರಿಗೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತು. ಸಕ್ಕರೆ ಕಾಯಿಲೆಯವರಿಗೆ ಒಪ್ಪುವ ಮನೆಗಳು ಮನಸ್ಸಿನ ಕಾಯಿಲೆಯವರಿಗೂ ಅದನ್ನು ಮನಃಪೂರ್ವಕ ಒಪ್ಪಬೇಕು. ಸಂದೇಹವಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ.

ಗಂಡ ಬರಲು ಒಪ್ಪದಿದ್ದರೆ? ಬರುವವರಿಂದಲೇ ಶುರು ಮಾಡಿ. ಮಗಳೋ ತಂಗಿಯೋ ಬಂದರೂ ಮನೆಯ ಗಾಳಿ ಬದಲಾಗಬಹುದು. "ನಿಮ್ಮನ್ನು ವಿಚಾರಣೆಗೆ ಕರೆದಿಲ್ಲ, ಸಹಾಯಕ್ಕೆ ಕರೆದಿದ್ದಾರೆ" ಎಂದು ಹೇಳಿದರೆ ಎಷ್ಟೋ ಗಂಡಸರು ಎರಡನೇ ಸಲ ಬರುತ್ತಾರೆ.

ಒಟ್ಟಿಗೆ ಕೂರಿಸಬಾರದ ಸಂದರ್ಭ

ಮನೆಯಲ್ಲಿ ಹೊಡೆತ-ಬಡಿತ, ಬೆದರಿಕೆ ಇದ್ದರೆ ಜಂಟಿ ಭೇಟಿ ಸರಿಯಲ್ಲ. ಅಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಪೆಟ್ಟು ಬೀಳಬಹುದು. ಅಂಥವರು ಚಿಕಿತ್ಸಕರಿಗೆ ಒಂಟಿಯಾಗಿಯೇ ವಿಷಯ ತಿಳಿಸಬೇಕು. ಮೊದಲು ಸುರಕ್ಷತೆ, ಆಮೇಲೆ ಉಳಿದದ್ದು. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ಸಾಯುವ ಮಾತು ಬಂದರೆ "ಸುಮ್ಮನೆ ಹೆದರಿಸುತ್ತಾಳೆ" ಎನ್ನಬೇಡಿ. ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಕೀಟನಾಶಕ, ಮಾತ್ರೆಗಳ ದಾಸ್ತಾನು ಕೈಗೆ ಸಿಗದಂತೆ ಇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿಗೆ ಹೆದರಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ಒಂದು ಫೋನ್ ಕರೆ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಇದನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿತು. ರೋಗಿಯೇ ಮಾತನಾಡಬೇಕೆಂದಿಲ್ಲ, ಮನೆಯವರೂ ಮಾತನಾಡಬಹುದು.

ಎರಡನೆಯದು ಸರ್ಕಾರಿ ಆಸ್ಪತ್ರೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಚಿಕಿತ್ಸೆ ಕಲಿಸಿ ಮಾಡಿದ ಪ್ರಯೋಗವೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದರ ಫಲವಾಗಿ ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನ ಬರುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಎಂದು ಮೊದಲೇ ವಿಚಾರಿಸಿ.

ದಂಪತಿ ಅಥವಾ ಕುಟುಂಬ ಚಿಕಿತ್ಸೆಯೇ ಬೇಕೆಂದು ವೈದ್ಯರು ಹೇಳಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ರಾಮನಗರ, ಚನ್ನಪಟ್ಟಣದವರಿಗೆ ರೈಲು ಇದೆ, ಮಾಗಡಿ, ಕನಕಪುರದವರಿಗೆ ಬಸ್ಸೇ ಗತಿ. ಚೀಟಿ, ಹಳೆಯ ಮಾತ್ರೆಗಳ ಹೆಸರು, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಇಬ್ಬರೂ ಹೋಗಿ.

ಟ್ರಸ್ಟಿನ ತೀರ್ಮಾನ ಮತ್ತು ಪ್ರಕಟಣೆ

ಚಿಕಿತ್ಸೆ ಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಬೇಕಾದ ತರಬೇತಿ ನಮಗಿಲ್ಲ. ಚಿಕಿತ್ಸೆಯ ಬಾಗಿಲಿನವರೆಗೆ ದಾರಿ ಸುಲಭ ಮಾಡುವುದು ನಮ್ಮಿಂದ ಸಾಧ್ಯ. ಗೂಡು ಬಿಚ್ಚುವವರಿಗೆ, ಬೊಂಬೆ ಕೆಲಸದವರಿಗೆ ಒಂದು ದಿನ ಬೆಂಗಳೂರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಗಂಡ-ಹೆಂಡತಿ ಇಬ್ಬರೂ ಹೋದರೆ ಎರಡು ಕೂಲಿ. ಮಾತ್ರೆ ಉಚಿತವಾದರೂ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಮುಂದಿನ ಸಾಲಿನಿಂದ ಹೀಗೆ ತೀರ್ಮಾನಿಸಿದ್ದೇವೆ:

1. ಮನೆಯಲ್ಲಿ ದೀರ್ಘ ಕಾಯಿಲೆ ಇದ್ದ ವರ್ಷ ವಿದ್ಯಾರ್ಥಿಯ ಅಂಕ ಅಥವಾ ಹಾಜರಾತಿ ಕಡಿಮೆಯಾದರೆ, ಅಷ್ಟಕ್ಕೇ ನವೀಕರಣ ನಿಲ್ಲಿಸುವುದಿಲ್ಲ. ಮನಸ್ಸಿನ ಕಾಯಿಲೆಯೂ ದೀರ್ಘ ಕಾಯಿಲೆಯೇ.

2. ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆಯಬೇಕಿಲ್ಲ. "ಮನೆಯಲ್ಲಿ ಆರೋಗ್ಯದ ಸಮಸ್ಯೆ ಇದೆ, ಮಾತನಾಡಬೇಕು" ಎಂಬ ಕಡೆ ಗುರುತು ಹಾಕಿದರೆ ಸಾಕು. ಹೆಣ್ಣುಮಕ್ಕಳೊಂದಿಗೆ ಮಹಿಳಾ ಸ್ವಯಂಸೇವಕರೇ ಮಾತನಾಡುತ್ತಾರೆ. ವಿವರ ಆಯ್ಕೆ ಸಮಿತಿಯ ಮುಂದೆ ಬರುವುದಿಲ್ಲ, ವರದಿಯಲ್ಲೂ ಅಚ್ಚಾಗುವುದಿಲ್ಲ.

3. ಆಸ್ಪತ್ರೆಗೆ ಇಬ್ಬರ ಪ್ರಯಾಣದ ಖರ್ಚನ್ನು ವೈದ್ಯಕೀಯ ನೆರವಿನ ನಿಧಿಯಿಂದ ಕೊಡುತ್ತೇವೆ. ಆಸ್ಪತ್ರೆಯ ಮುಂದಿನ ಭೇಟಿಯ ದಿನಾಂಕ ಇರುವ ಚೀಟಿ ತೋರಿಸಿದರೆ ಸಾಕು, ಒಳಗಿನ ವಿವರ ಬೇಡ. ಜಕಾತ್ ಹಣವನ್ನು ಯಾರಿಗೆ, ಹೇಗೆ ಬಳಸಬಹುದೆಂಬುದನ್ನು ಉಲೇಮಾಗಳ ಸಲಹೆಯಂತೆಯೇ ನಡೆಸುತ್ತೇವೆ. ಉಳಿದದ್ದಕ್ಕೆ ಸದಕಾ ಮತ್ತು ಸಾಮಾನ್ಯ ದೇಣಿಗೆ.

ದಾನಿಗಳಲ್ಲಿ ಒಂದು ಮನವಿ. ಶುಲ್ಕ ಕಟ್ಟಿದ ರಸೀದಿಯನ್ನು ವರದಿಯಲ್ಲಿ ತೋರಿಸಬಹುದು. ಒಂದು ಮನೆಯಲ್ಲಿ ಬೆಳಗಿನ ಚಹಾಕ್ಕೆ ಗಂಡ-ಹೆಂಡತಿ ಮತ್ತೆ ಜೊತೆಯಾಗಿ ಕೂತದ್ದಕ್ಕೆ ರಸೀದಿ ಇಲ್ಲ. ಆ ಬಸ್ ಚಾರ್ಜಿಗೂ ನಿಮ್ಮ ಹಣ ಸಾರ್ಥಕವಾಗಿ ಹೋಗಿದೆ ಎಂದು ದಯವಿಟ್ಟು ನಂಬಿ.

ಪೋಷಕರಲ್ಲಿ ಇನ್ನೊಂದು. ಈ ಲೇಖನ ಓದುವಾಗ ಯಾರದಾದರೂ ಮುಖ ನೆನಪಾಗಿದ್ದರೆ ಇಂದೇ ಅವರ ಪಕ್ಕದಲ್ಲಿ ಕೂತು "ಹೇಗಿದ್ದೀಯ?" ಎಂದು ಕೇಳಿ, ಉತ್ತರ ಪೂರ್ತಿ ಆಗುವವರೆಗೆ ಕಾಯಿರಿ. ನವೀಕರಣ ಅರ್ಜಿ ತುಂಬಲು ಮಗುವಿಗೆ ಒಬ್ಬರೇ ಆಗುತ್ತಿಲ್ಲವೆಂದರೆ ನಮ್ಮ ಸ್ವಯಂಸೇವಕರಿಗೆ ಹೇಳಿ ಕಳುಹಿಸಿ. ಅರ್ಜಿಯನ್ನು ನಾವೇ ಮನೆಗೆ ತರುತ್ತೇವೆ.

ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ, ಅವರನ್ನು ನೋಡಿಕೊಳ್ಳುವವರಿಗೆ ಸಹನೆ ಕರುಣಿಸಲಿ. ಆಮೀನ್.